ಐಸಿಲ್ಲದ ಬೋಟು

ಮೇ ತಿಂಗಳ ಕೊನೆಯ ವಾರ. ಅಂಕೋಲೆಯ ಮೀನು ಮಾರ್ಕೆಟ್ಟಿನಲ್ಲಿ ಬೆಳಿಗ್ಗೆ ಒಯ್ದ ಬಂಗಡೆಯನ್ನು ಒಬ್ಬಾಕೆ ಮಧ್ಯಾಹ್ನದ ಹೊತ್ತಿಗೆ ಚೀಲದ ಸಮೇತ ತಿರುಗಿ ತಂದು ಗೋದಾವರಿಯ ಮುಂದೆ ಇಟ್ಟಳು. ಹೈಸ್ಕೂಲು ಮಾಸ್ತರರ ಹೆಂಡತಿ, ಕಾಯಂ ಗಿರಾಕಿ.

"ಕೊಯ್ಯೂಕೆ ಹಿಡಿದ್ರೆ ಹೊಟ್ಟೆ ತಾನಾಗೇ ಬಿಚ್ಕಂಡ್ತು ಗೋದಾವರಿ. ದುಡ್ಡೇನೂ ಬೇಡ. ನೀನೂ ಒಂದ್ಸಲ ನೋಡ್ಲಿ ಹೇಳಿ ತಂದೆ," ಎಂದಳು.

ಅವಳು ಬೈದಿದ್ದರೆ ಗೋದಾವರಿಯೂ ಬೈಯುತ್ತಿದ್ದಳು. ಮದುವೆಯಾಗಿ ಬಂದಾಗಿನಿಂದ ಅದೇ ಕಟ್ಟೆಯ ಮೇಲೆ ಕೂತು ಮೀನು ಮಾರಿದವಳು. ಅವಳ ಬಾಯಿಗೆ ಮಾರ್ಕೆಟ್ಟೇ ಅಂಜುತ್ತಿತ್ತು. ಆದರೆ ಆ ಹೆಂಗಸಿನ ದನಿಯಲ್ಲಿ ಸಿಟ್ಟಿರಲಿಲ್ಲ, ಕನಿಕರವಿತ್ತು. ಗೋದಾವರಿ ಚೀಲವನ್ನು ಕಟ್ಟೆಯ ಕೆಳಗೆ ಸರಿಸಿದಳು. ಪಕ್ಕದಲ್ಲಿ ಕೂತಿದ್ದ ಹೊನ್ನಿ ಮುಖ ಆಚೆ ತಿರುಗಿಸಿದಳು. ಹೊನ್ನಿಯ ಬುಟ್ಟಿಯಲ್ಲಿದ್ದದ್ದೂ ಅದೇ ಬೋಟಿನ ಮೀನು. ಬೋಟು ಗೋದಾವರಿಯ ಗಂಡ ಜಟ್ಟಪ್ಪನದು. ಅದರ ತಾಂಡೇಲನೂ ಅವನೇ. ಎಲ್ಲಿಗೆ ಹೋಗಬೇಕು, ಯಾವಾಗ ಬಲೆ ಬಿಡಬೇಕು, ಯಾವಾಗ ದಡಕ್ಕೆ ತಿರುಗಬೇಕು, ಎಲ್ಲ ಅವನ ಮಾತು.

ಅವರ ಮನೆ ತೋಡೂರಿನಲ್ಲಿ. ಕಡಲ ದಡದ ಊರನ್ನು ನೌಕಾನೆಲೆಗೆ ಬಿಟ್ಟುಕೊಟ್ಟ ಮೇಲೆ ಸಿಕ್ಕ ಜಾಗದಲ್ಲಿ ಕಟ್ಟಿಕೊಂಡದ್ದು. ಅಂಗಳದಲ್ಲಿ ನಿಂತರೆ ಹೆದ್ದಾರಿಯ ಲಾರಿಗಳ ಸದ್ದು ಕೇಳುತ್ತದೆ, ಸಮುದ್ರ ಕಾಣುವುದಿಲ್ಲ. ಬೋಟು ಕಾರವಾರದ ಬೈತಖೋಲ ಬಂದರಿನಲ್ಲಿ ನಿಲ್ಲುತ್ತದೆ. ಗೋದಾವರಿ ಆ ಸಂಜೆ ಮಾರದೆ ಉಳಿದ ಬಂಗಡೆಯನ್ನು ತೆಂಗಿನ ಬುಡದಲ್ಲಿ ಹುಗಿದು, ಕೈ ತೊಳೆದು ಒಳಗೆ ಬಂದಾಗ ಸೊಸೆ ಪ್ರೀತಿ ಎಲ್ಲರಿಗೂ ತಟ್ಟೆ ಹಾಕಿದ್ದಳು. ಕುಚ್ಚಲಕ್ಕಿ ಅನ್ನ, ಒಣ ಸೀಗಡಿ ಶೆಟ್ಲಿಯ ಚಟ್ನಿ, ಹುಳಿ ಹಾಕಿದ ತಾರ್ಲೆ ಮೀನಿನ ಸಾರು. ಮೊಮ್ಮಗಳು ಪ್ರೇಕ್ಷಾ ಅಜ್ಜನ ತೊಡೆಗೆ ಅಂಟಿ ಕೂತಿದ್ದಳು.

ಮಗ ನಿತೇಶ ಆಗಲೇ ಮಾತು ಶುರು ಮಾಡಿದ್ದ. ಐಟಿಐ ಮುಗಿಸಿ ಅಪ್ಪನ ಬೋಟಿನಲ್ಲೇ ಇಂಜಿನ್ ನೋಡಿಕೊಳ್ಳುತ್ತಿದ್ದವನು ಅವನು.

"ಐಸಿನ ಕಾಲ ಮುಗೀತು ಅಪ್ಪಾ. ಈಗ ಮೀನು ದೂರ ಹೋಗಿದೆ, ನಾವೂ ದೂರ ಹೋಗ್ಬೇಕು. ದಡಕ್ಕೆ ಬರೂದ್ರೊಳಗೆ ಕೆಳಗಿನ ಮೀನು ಮೇಲಿನ ಐಸಿನ ಭಾರಕ್ಕೇ ಜಜ್ಜಿ ಹೋಗ್ತದೆ. ಈ ಬಂದ್ ಟೈಮಲ್ಲಿ ಕೂಲಿಂಗ್ ಮಶೀನು ಹಾಕ್ಸ್ವ."

"ಅದೆಂತದು ಮಾಡ್ತದೆ?"

"ಸಮುದ್ರದ ನೀರನ್ನೇ ಪಂಪಲ್ಲಿ ಎಳ್ಕಂಡು ತಣ್ಣಗೆ ಮಾಡ್ತದೆ. ಐಸಿನಷ್ಟೇ ಥಂಡಿ. ಉಪ್ಪು ನೀರಲ್ವಾ, ಗಟ್ಟಿ ಆಗೂದಿಲ್ಲ. ಬೋಟಿನ ಹೊಟ್ಟೆಗೆ ಟ್ಯಾಂಕಿ ಮಾಡ್ಸಿ ಆ ನೀರು ತುಂಬೂದು, ಹಿಡಿದ ಮೀನು ಸೀದಾ ಅದ್ರೊಳಗೆ. ರತ್ನಾಗಿರಿ ಬದಿಯ ಬೋಟಲ್ಲಿ ಕಣ್ಣಾರೆ ನೋಡಿ ಬಂದೆ."

ಜಟ್ಟಪ್ಪ ನಕ್ಕ. "ಸಮುದ್ರದ ನೀರಲ್ಲೇ ಇಡೂದಾದ್ರೆ ಸಮುದ್ರದಿಂದ ತೆಗೆಯೂದ್ಯಾಕೆ ಮಾರಾಯ? ಅಲ್ಲೇ ಇರ್ಲಿ ಬಿಡು."

ಪ್ರೇಕ್ಷಾಳೂ ನಕ್ಕಳು. ನಿತೇಶ ನಗಲಿಲ್ಲ.

"ಐಸು ಹಾಕೂಕೂ ಒಂದು ಕೈ ಬೇಕು," ಜಟ್ಟಪ್ಪ ಅನ್ನ ಕಲಸುತ್ತ ಹೇಳಿದ. "ಒಂದು ಪದರ ಐಸು, ಒಂದು ಪದರ ಮೀನು. ನನ್ನ ಅಪ್ಪ ಕೈ ಹಿಡ್ದು ಕಲಿಸಿದ್ದು. ಮಶೀನಿನ ಕೈಗೆ ಕೊಟ್ಟು ನಾ ಎಂತಾ ಮಾಡೂದು?"

ಗೋದಾವರಿ ಆಗಷ್ಟೇ ತಟ್ಟೆಯ ಮುಂದೆ ಕೂತಿದ್ದಳು. ಮಾಸ್ತರರ ಹೆಂಡತಿಯ ದನಿ ಇನ್ನೂ ಕಿವಿಯಲ್ಲಿತ್ತು. "ಕೈ, ಕೈ ಹೇಳ್ತ್ರಿ," ಎಂದಳು. "ಆ ಕೈಯಿಂದ ಬಂದ ಮೀನು ಒಯ್ದು ಇವತ್ತು ಮಾರ್ಕೆಟ್ಟಿನ ಜನರೆದುರು ನಾ ತಲೆ ತಗ್ಸ್ದೆ. ನಿಮಗೆ ಮೀನು ಹಿಡಿಯೂಕೆ ಬರ್ತದೆ, ಇಡೂಕೆ ಬರೂದಿಲ್ಲ. ಇನ್ನಾದ್ರೂ ಹುಡುಗ ಹೇಳಿದ್ದು ಕೇಳಿ."

ಜಟ್ಟಪ್ಪನ ಕೈ ನಿಂತಿತು. ತಟ್ಟೆಯಲ್ಲಿ ಇನ್ನೂ ಅರ್ಧ ಅನ್ನ ಉಳಿದಿತ್ತು. ಅವನು ಅದರ ಮೇಲೇ ಕೈ ತೊಳೆದು ಎದ್ದ. "ಏನು ಬೇಕೋ ಹಾಕ್ಸ್ಕೊ," ಎಂದು ಮಗನಿಗೆ ಹೇಳಿದ. ಹೆಂಡತಿಯ ಕಡೆ ನೋಡಲಿಲ್ಲ.

ಬೆಳಿಗ್ಗೆ ಚಾ ಕುಡಿಯುವಷ್ಟರಲ್ಲಿ ಸರಿಹೋಗುತ್ತದೆ ಎಂದುಕೊಂಡಳು ಗೋದಾವರಿ. ಅವರಿಬ್ಬರ ಎಷ್ಟೋ ಜಗಳ ಹಾಗೇ ಮುಗಿದಿದ್ದವು. ಬೆಳಿಗ್ಗೆ ಅವನು ಚಾ ಕುಡಿದ, ಪೇಪರು ಓದಿದ, ಮಾತೂ ಆಡಿದ. ಸರಿಹೋಯಿತೆಂದೇ ಅವಳು ನಂಬಿದಳು.

ಜೂನು ಜುಲೈ ಮೀನುಗಾರಿಕೆ ಬಂದ್. ಆ ಮಳೆಗಾಲವಿಡೀ ನಿತೇಶ ಬಂದರಿನಲ್ಲೇ ಇದ್ದ. ಬೋಟಿನ ಹೊಟ್ಟೆಯ ಹಲಗೆ ಕಿತ್ತು, ತಂಪು ಹೊರಗೆ ಹೋಗದಂತೆ ದಪ್ಪ ಪದರ ಕೊಟ್ಟು, ಟ್ಯಾಂಕಿ ಕೂರಿಸಿದರು. ಇಂಜಿನಿನ ಪಕ್ಕ ಕಂಪ್ರೆಸರು, ಪೈಪುಗಳು, ಪಂಪು. ಜಟ್ಟಪ್ಪ ಒಂದು ಸಲ ಹೋಗಿ ನೋಡಿ ಬಂದ. ಬರುವಾಗ ಐಸು ಒಡೆಯುವ ಮರದ ಕೊಡತಿ, ಎಳೆಯುವ ಕೊಕ್ಕೆ, ಅಗಲ ಸಲಿಕೆ ಎಲ್ಲವನ್ನೂ ರಿಕ್ಷಾದಲ್ಲಿ ಹಾಕಿಕೊಂಡು ಬಂದಿದ್ದ.

"ಇದನ್ನೆಲ್ಲ ಎಲ್ಲಿಡೂದು ಮಾವ?" ಪ್ರೀತಿ ಕೇಳಿದಳು.

"ಬಚ್ಚಲ ಒಲೆಗೆ ಆಗ್ತದೆ."

ಅವನು ಹಾಗೆ ಹೇಳಿದ್ದು ತಮಾಷೆಗೆಂದುಕೊಂಡರು. ಮಾರನೆಯ ದಿನ ಅವನೇ ಕೊಡತಿಯನ್ನು ಸೀಳಿ ಒಲೆಗಿಟ್ಟ. ವರ್ಷಗಟ್ಟಲೆ ಉಪ್ಪುನೀರು ಕುಡಿದ ಮರ. ಉರಿಯಲು ಸತಾಯಿಸಿತು, ಬಚ್ಚಲೆಲ್ಲ ಹೊಗೆ. ಕಣ್ಣೊರೆಸಿಕೊಳ್ಳುತ್ತ ಗೋದಾವರಿ ಬೈದಳು. ಅವನು ಊದುಗೊಳವೆ ಹಿಡಿದು ಊದುತ್ತಲೇ ಇದ್ದ.

ಆಗಸ್ಟಿನಲ್ಲಿ ಕಡಲಿಗೆ ತೆಂಗಿನಕಾಯಿ ಬಿಟ್ಟು ಬೋಟು ಹೊರಟಿತು. ಮೊದಲ ಮೀನು ಬಂದ ದಿನ ಗೋದಾವರಿ ಹೊನ್ನಿಯ ಜೊತೆ ಬೈತಖೋಲದಲ್ಲಿ ಕಾದಿದ್ದಳು. ಟ್ಯಾಂಕಿಯಿಂದ ಎತ್ತಿದ ಬಂಗಡೆಯನ್ನು ಅವಳು ಕೈಗೆತ್ತಿಕೊಂಡು ನೋಡಿದಳು. ಬೆನ್ನ ಮೇಲಿನ ಹಸಿರು ಗೆರೆ ಮಾಸಿರಲಿಲ್ಲ, ಕಣ್ಣು ಗಾಜಿನ ಗೋಲಿಯ ಹಾಗಿತ್ತು, ಬಾಲ ಹಿಡಿದು ಎತ್ತಿದರೆ ಮೀನು ಕೋಲಿನಂತೆ ನೆಟ್ಟಗೆ ನಿಲ್ಲುತ್ತಿತ್ತು. ಅಂಕೋಲೆಯಲ್ಲಿ ಅವಳ ಬುಟ್ಟಿ ಬಿಸಿಲೇರುವ ಮೊದಲೇ ಖಾಲಿಯಾಯಿತು.

"ನಿನ್ನ ಮಗ ಬಂಗಾರ ಗೋದಾವರಿ," ಹೊನ್ನಿ ಹೇಳಿದಳು.

"ನಾನೇ ಹಟ ಹಿಡ್ದು ಮಾಡ್ಸಿದ್ದು," ಎಂದಳು ಗೋದಾವರಿ. ಮಾರ್ಕೆಟ್ಟಿನಲ್ಲಿ ಕೇಳಿದವರಿಗೆ, ಕೇಳದವರಿಗೆ, ಎಲ್ಲರಿಗೂ ಅದನ್ನೇ ಹೇಳಿದಳು.

ಮನೆಯಲ್ಲಿ ಆ ಮೀನಿನ ಸಾರು ಬಾಯಿಗಿಟ್ಟು ಜಟ್ಟಪ್ಪ, "ಉಪ್ಪು ಜಾಸ್ತಿ," ಎಂದ. ನಿಜವೇ. ಉಪ್ಪುನೀರಿನಲ್ಲಿ ಕೂತ ಮೀನು ಉಪ್ಪು ಹೀರಿತ್ತು. ಮುಂದಿನ ಸಲದಿಂದ ಪ್ರೀತಿ ಸಾರಿಗೆ ಉಪ್ಪು ಕಡಿಮೆ ಮಾಡಿದಳು. ಆಮೇಲೂ ಅವನು ಅದೇ ಮಾತು ಹೇಳುತ್ತಿದ್ದ.

ಚೌತಿಗೆ ಸ್ವಲ್ಪ ದಿನ ಮೊದಲು, ಒಂದು ಮಧ್ಯಾಹ್ನ, ಅವನು ಬಟ್ಟೆಯ ಚೀಲ ಹೆಗಲಿಗೆ ಹಾಕಿಕೊಂಡು ಬಸ್ಸಿನಲ್ಲಿ ಒಬ್ಬನೇ ಮನೆಗೆ ಬಂದ. ಚಪ್ಪಲಿ ಬಿಟ್ಟು, ಬಾವಿಕಟ್ಟೆಯಲ್ಲಿ ಕಾಲು ತೊಳೆದು, "ಅಲ್ಲಿ ನಂಗೆ ಕೆಲಸ ಇಲ್ಲ," ಎಂದಷ್ಟೇ ಹೇಳಿದ. ಏನಾಯಿತೆಂದು ತಿಳಿದದ್ದು ಸಂಜೆ ನಿತೇಶ ಬಂದ ಮೇಲೆ.

"ಟ್ಯಾಂಕಿ ಅರ್ಧ ಖಾಲಿ ಇತ್ತು ಆಯಿ. ಇನ್ನೊಂದೆರಡು ದಿನ ಇರ್ವ, ಮೀನಿಗೇನೂ ಆಗೂದಿಲ್ಲ ಅಂದೆ. ಅಪ್ಪ ಬೋಟು ತಿರುಗ್ಸು ಅಂದ. ಖಲಾಸಿಗಳು ಅಪ್ಪನ ಮಾತು ಕೇಳೂಕೆ ಬಿಟ್ಟು ನನ್ನ ಮುಖ ನೋಡ್ದ್ರು. ನಾ ಎಂತಾ ಮಾಡ್ಲಿ?"

"ನೀ ಏನಂದೆ?"

"ಈಗ ಐಸು ಕರಗೂದಿಲ್ಲ, ಯಾಕೆ ಓಡೂದು ಅಂದೆ. ಅಷ್ಟೇ."

ಗೋದಾವರಿಗೆ ಅರ್ಥವಾಯಿತು. ಇಷ್ಟು ವರ್ಷ ಬೋಟು ಯಾವಾಗ ದಡಕ್ಕೆ ತಿರುಗಬೇಕೆಂದು ಐಸು ಹೇಳುತ್ತಿತ್ತು. ಐಸಿನ ಮಾತನ್ನು ಜಟ್ಟಪ್ಪ ಬಾಯಿಬಿಟ್ಟು ಹೇಳುತ್ತಿದ್ದ. ಈಗ ಕೇಳುವವರಿಲ್ಲ.

"ಅಪ್ಪನ ಹತ್ರ ಹೋಗಿ ಎರಡು ಮಾತಾಡು," ಎಂದಳು.

ನಿತೇಶ ಹಿತ್ತಲಿಗೆ ಹೋದ. ಜಟ್ಟಪ್ಪ ತೆಂಗಿನ ಗರಿ ಸೀಳಿ ಹಿಡಿಕಡ್ಡಿ ತೆಗೆಯುತ್ತಿದ್ದ. "ಬಾ ಅಪ್ಪಾ ಬೋಟಿಗೆ," ಎಂದ ಮಗ. "ನೀ ಕೆಲಸ ಮಾಡೂದೇ ಬೇಡ. ಸುಮ್ನೆ ಕೂತಿರು ಸಾಕು."

"ಸುಮ್ನೆ ಕೂರೂಕೆ ಮನೆ ಅದ್ಯಲ್ಲ," ಎಂದ ಜಟ್ಟಪ್ಪ.

ನಿತೇಶ ಕೆಟ್ಟ ಮನಸ್ಸಿನಿಂದ ಹೇಳಿರಲಿಲ್ಲ. ಅವನಿಗೆ ಅದಕ್ಕಿಂತ ಒಳ್ಳೆಯ ಮಾತು ಹೊಳೆಯಲಿಲ್ಲ.

ಚೌತಿಗೆ ಬೋಟು ಕಡಲಲ್ಲೇ ಇತ್ತು. ಆ ಮನೆಗೆ ಗಣಪತಿ ತರುವಾಗ ಮಗ ಇಲ್ಲದ್ದು ಅದೇ ಮೊದಲು. ಜಟ್ಟಪ್ಪ ಮೊಮ್ಮಗಳ ಕೈಯಲ್ಲಿ ಜಾಗಟೆ ಕೊಟ್ಟು ತಾನೇ ಹೊತ್ತು ತಂದ. ಪ್ರೀತಿ ಮೋದಕ ಕರಿಯುತ್ತ ಕಣ್ಣೀರು ಹಾಕಿದಳು.

"ಮೊದ್ಲು ಐಸು ಕರಗ್ತದೆ ಹೇಳಿ ಆದ್ರೂ ಮನೆಗೆ ಬರ್ತಿದ್ರು ಅತ್ತೆ," ಎಂದಳು. "ಈಗ ಫೋನ್ ಮಾಡಿದ್ರೆ ಇನ್ನೆರಡು ದಿನ, ಇನ್ನೆರಡು ದಿನ. ಈ ಮಶೀನು ಯಾರಿಗೆ ಬೇಕಿತ್ತು?"

ಗೋದಾವರಿ ಬಾಣಲೆಯ ಮೋದಕ ಮಗುಚಿದಳು. ನನಗೆ ಬೇಕಿತ್ತು ಎನ್ನಲು ಬಾಯಿ ಬರಲಿಲ್ಲ.

ಜಟ್ಟಪ್ಪ ಮನೆಯಲ್ಲಿ ಸುಮ್ಮನೆ ಕೂರಲಿಲ್ಲ. ಪ್ರೇಕ್ಷಾಳನ್ನು ಶಾಲೆಗೆ ಬಿಟ್ಟು ಬರುತ್ತಿದ್ದ, ಬಾವಿಯ ಪಾಚಿ ತೆಗೆದ, ಹಂಚು ಸರಿಮಾಡಿದ, ಬೇಡವೆಂದರೂ ಪಾತ್ರೆ ತೊಳೆಯಲು ನಿಂತ. ಅವನು ತೊಳೆದ ಪಾತ್ರೆಯನ್ನು ಪ್ರೀತಿ ಅವನ ಕಣ್ಣು ತಪ್ಪಿಸಿ ಮತ್ತೊಮ್ಮೆ ತೊಳೆಯುತ್ತಿದ್ದಳು.

"ಮಾವ ಇಡೀ ದಿನ ಮನೇಲಿದ್ರೆ ಮಧ್ಯಾಹ್ನ ಒಂದು ಗಳಿಗೆ ಅಡ್ಡ ಆಗೂಕೂ ನಾಚಿಕೆ ಆಗ್ತದೆ ಅತ್ತೆ," ಎಂದು ಒಂದು ದಿನ ಹೇಳಿಯೂಬಿಟ್ಟಳು. ಅವಳು ಮೆತ್ತಗೇ ಹೇಳಿದ್ದಳು. ಆದರೆ ಆ ಮನೆಯ ಒಳಗೋಡೆಗಳು ಮಾಡಿನವರೆಗೆ ಏರಿರಲಿಲ್ಲ. ಮರುದಿನದಿಂದ ಜಟ್ಟಪ್ಪ ಊಟವಾದ ಕೂಡಲೇ ಹೆದ್ದಾರಿಯ ಬಸ್ ಸ್ಟಾಪಿಗೆ ಹೋಗಿ ಕೂರತೊಡಗಿದ. ಯಾವ ಬಸ್ಸನ್ನೂ ಹತ್ತುತ್ತಿರಲಿಲ್ಲ.

ಅಕ್ಟೋಬರಿನಲ್ಲಿ ಗೋವೆಯ ಕಂಪನಿಯೊಂದು ನಿತೇಶನ ಮೀನು ಪೂರಾ ತಾನೇ ಕೊಳ್ಳುವುದಾಗಿ ಬಂತು. ಅಂಥ ಮೀನು ಆ ಬಂದರಿನಲ್ಲಿ ಬೇರೆ ಯಾವ ಬೋಟಿನಲ್ಲೂ ಇರಲಿಲ್ಲ. ಗೋದಾವರಿಗೆ ಅದು ಗೊತ್ತಾದದ್ದು ಖಾಲಿ ಬುಟ್ಟಿ ಹಿಡಿದು ಜೆಟ್ಟಿಯಲ್ಲಿ ನಿಂತಾಗ. ಬೋಟಿನ ಪಕ್ಕ ಬಿಳಿ ಲಾರಿ ನಿಂತಿತ್ತು. ಟ್ಯಾಂಕಿಯಿಂದ ಎತ್ತಿದ ಮೀನು ನೆಲ ಮುಟ್ಟದೆ ಕ್ರೇಟಿಗೆ, ಕ್ರೇಟಿನಿಂದ ಲಾರಿಗೆ ಹೋಗುತ್ತಿತ್ತು. ಹೊನ್ನಿ ಮತ್ತೆ ಇಬ್ಬರು ಹೆಂಗಸರು ಬುಟ್ಟಿ ಹಿಡಿದು ಅವಳ ಹಿಂದೆಯೇ ನಿಂತಿದ್ದರು. ಗೋದಾವರಿಯ ಮುಖ ನೋಡಿ ಬಂದವರು ಅವರು. ಯಾವಾಗಲೂ ಅವಳೇ ಅವರಿಗೆ ಮೀನು ಕೊಡಿಸುತ್ತಿದ್ದಳು.

ಕಂಪನಿಯ ಕಡೆಯ ಸುಜಯ ಎಂಬ ಹುಡುಗ ಮರ್ಯಾದೆಯಿಂದಲೇ ಮಾತಾಡಿದ. "ಮಾಲು ಎಲ್ಲಾ ನಮಗೇ ಅಂತ ಮಾತಾಗಿದೆ ಅಮ್ಮಾ. ಹೊರಗೆ ಕೊಡೂಕೆ ಬರೂದಿಲ್ಲ. ನಿಮ್ಮ ಮನೆ ಸಾರಿಗೆ ಬೇಕಾದಷ್ಟು ತಕಂಡು ಹೋಗಿ." ಒಂದು ಪ್ಲಾಸ್ಟಿಕ್ ಚೀಲ ತುಂಬಿ ಕೊಟ್ಟ.

ಗೋದಾವರಿ ಬೋಟಿನ ಮೇಲಿದ್ದ ಮಗನನ್ನು ಕೂಗಿ ಕರೆದಳು. ಅವನು ಕೈಯೊರೆಸಿಕೊಳ್ಳುತ್ತ ಕೆಳಗಿಳಿದ.

"ಇವ್ರೆಲ್ಲ ನನ್ನ ನಂಬಿ ಬಂದೋರು. ನಾಕು ಬುಟ್ಟಿ ಕೊಡು ಇವ್ರಿಗೆ."

"ಆಗೂದಿಲ್ಲ ಆಯಿ. ಇಂದು ಕೊಟ್ರೆ ನಾಳೆ ಕಂಪನಿ ಬಿಟ್ಟು ಹೋಗ್ತದೆ."

"ನಂಗಾದ್ರೂ?"

"ನಿಂಗೆ ಇನ್ನೂ ಯಾಕೆ ಆ ಬುಟ್ಟಿ?" ನಿತೇಶ ಅಕ್ಕರೆಯಿಂದಲೇ ಹೇಳಿದ. "ಬಿಸಿಲಲ್ಲಿ ಕೂತಿದ್ದು ಸಾಕು. ಮನೇಲಿ ಆರಾಮಾಗಿರು. ಸುಮ್ನೆ ಕೂತ್ಕ."

ಅಪ್ಪನಿಗೆ ಆಡಿದ ಮಾತನ್ನೇ ಅವನು ಅವಳಿಗೂ ಆಡಿದ್ದ. ಅವನಿಗೆ ಅದು ತಿಳಿಯಲಿಲ್ಲ. ಲಾರಿಯವನು ಕರೆದನೆಂದು ಓಡಿದ.

ಹೊನ್ನಿ ಬುಟ್ಟಿಯನ್ನು ಮಗುಚಿ ತಲೆಯ ಮೇಲೆ ಹಾಕಿಕೊಂಡಳು. "ನೀನೇ ಹಟ ಹಿಡ್ದು ಮಾಡ್ಸಿದ್ದು ಅಲ್ದಾ ಗೋದಾವರಿ?" ಎಂದಳು. ಹಳೆಯ ಗೆಳತಿ, ಅದಕ್ಕಿಂತ ಹೆಚ್ಚು ಹೇಳಲಿಲ್ಲ. ಅವರು ಬೇರೆ ಬೋಟುಗಳ ಕಡೆ ನಡೆದರು. ಗೋದಾವರಿಯನ್ನು ಬಾ ಎನ್ನಲಿಲ್ಲ.

ಅವಳು ಚೀಲ ಹಿಡಿದು ಮನೆಗೆ ಬಂದಾಗ ಜಟ್ಟಪ್ಪ ಹಿತ್ತಲಲ್ಲಿದ್ದ. ಚೀಲ ಕೈಯಿಂದ ತೆಗೆದುಕೊಂಡು, ಮೆಟ್ಟುಗತ್ತಿಯ ಮುಂದೆ ಕೂತು ಬಂಗಡೆ ಕೊಯ್ಯತೊಡಗಿದ. ಒಂದು ಮೀನನ್ನು ಎತ್ತಿ ಬಿಸಿಲಿಗೆ ಹಿಡಿದು ನೋಡಿದ.

"ಒಳ್ಳೇ ಮೀನು," ಎಂದ. "ನನ್ನ ಜನ್ಮದಲ್ಲಿ ಇಷ್ಟು ಚಂದ ಮಾಡಿ ದಡಕ್ಕೆ ತರೂಕೆ ಆಗ್ಲಿಲ್ಲ."

ಗೋದಾವರಿ ಅವನೆದುರು ಕೂತಳು. "ನಾ ಆ ದಿನ ಊಟಕ್ಕೆ ಕೂತಾಗ ಹೇಳಿದ್ದು," ಎಂದಳು. "ಸಿಟ್ಟಲ್ಲಿ ಬಾಯಿಗೆ ಬಂತು. ಮನಸ್ಸಲ್ಲಿ ಇಟ್ಕಬೇಡಿ."

"ಸುಳ್ಳೇನಲ್ಲ ನೀ ಹೇಳಿದ್ದು."

"ಹೌದೋ ಅಲ್ವೋ, ಹುಡುಗರೆದುರು ಹೇಳ್ಬಾರ್ದಿತ್ತು."

"ಸುಳ್ಳಾಗಿದ್ರೆ ನಿನ್ನ ಹತ್ರ ಜಗಳ ಆಡ್ತಿದ್ದೆ ಗೋದೂ." ಅವನು ಕರುಳು ತೆಗೆದು ಬೆಕ್ಕಿಗೆ ಎಸೆದ. "ಖರೆ ಮಾತಿಗೆ ಎಂತಾ ಜಗಳ ಆಡೂದು? ಅಷ್ಟು ವರ್ಷ ನೀ ಅಂಥಾ ಮೀನನ್ನ ಗೊತ್ತಿದ್ದೂ ಮಾರಿದ್ಯಲ್ಲ, ನಂಗೆ ಅದೇ ತಲೇಲಿ ಕೂತದೆ. ಒಂದು ದಿನಾನೂ ಹೇಳ್ಲಿಲ್ಲ ನೀನು. ಹೇಳಿದ್ದು ಮಗನೆದುರು."

ಗೋದಾವರಿ ಎದ್ದಳು. ಕೊಯ್ದ ಮೀನು ತೊಳೆಯಲು ನೀರು ಸೇದಿ ಕೊಟ್ಟಳು.

ಮೀನು ತೊಳೆಯುತ್ತಲೇ ಅವನು ಹೇಳಿದ: "ನಾಳೆ ಹಾರವಾಡಕ್ಕೆ ಹೋಗ್ತೆ. ಅಕ್ಕನ ಮಗ ರಾಜು ಸಣ್ಣ ದೋಣಿ ಇಟ್ಕಂಡಾನಲ್ಲ, ಒಬ್ಬ ಜನ ಬೇಕು ಹೇಳಿದ್ದ. ಅಲ್ಲೇ ಇರ್ತೆ."

"ಈ ವಯಸ್ಸಲ್ಲಿ ಇನ್ನೊಬ್ಬರ ದೋಣೀಲಿ ಬಲೆ ಎಳೀತ್ರಾ? ಸ್ವಂತ ಬೋಟು ಇದ್ದೋರು?"

"ಬೋಟು ನಿತೇಶಂದು."

ಸುದ್ದಿ ಕೇಳಿ ನಿತೇಶ ಫೋನಿನಲ್ಲೇ ಕೂಗಾಡಿದ. ಜನ ಏನಂತಾರೆ ಎಂದ. ಅಪ್ಪನಿಗೆ ಏನು ಕಡಿಮೆ ಮಾಡಿದ್ದೇನೆ ಎಂದ. ಆಮೇಲೆ ಅವನ ದನಿ ಬಿದ್ದುಹೋಯಿತು. "ಆಯಿ, ನಾ ಮೀನು ಕೆಡಬಾರ್ದು ಹೇಳಿ ಮಾಡ್ದೆ. ಅಷ್ಟೇ ಅಲ್ವಾ ಮಾಡಿದ್ದು?" ಎಂದ.

"ಅಷ್ಟೇ ಮಗಾ," ಎಂದಳು ಗೋದಾವರಿ. "ನೀ ಏನೂ ತಪ್ಪು ಮಾಡ್ಲಿಲ್ಲ." ಮಗನಿಗೆ ಆ ಮಾತು ಹೇಳುವುದು ಸುಲಭವಿತ್ತು. ತನಗೆ ತಾನು ಹೇಳಿಕೊಳ್ಳಲು ಅವಳಿಗೆ ಆಗಲಿಲ್ಲ.

ಜಟ್ಟಪ್ಪ ಹೋದ. ದೀಪಾವಳಿಗೆ ಒಂದು ದಿನದ ಮಟ್ಟಿಗೆ ಬಂದು, ಪ್ರೇಕ್ಷಾಳಿಗೆ ನಕ್ಷತ್ರಕಡ್ಡಿ ಕೊಟ್ಟು ಹೋದ. ನಿತೇಶನೂ ಅಂದು ಮನೆಯಲ್ಲಿದ್ದ. ಅಪ್ಪ ಮಗ ಅವಲಕ್ಕಿ ತಿನ್ನುತ್ತ ಗಾಳಿಯ ಬಗ್ಗೆ, ಡೀಸೆಲಿನ ಬಗ್ಗೆ ಮಾತಾಡಿದರು, ನೆಂಟರ ಮನೆಯಲ್ಲಿ ಭೇಟಿಯಾದವರಂತೆ.

ಗೋದಾವರಿ ಅಂಕೋಲೆಗೆ ಹೋಗುವುದನ್ನು ಬಿಡಲಿಲ್ಲ. ಬೇರೆಯವರ ಬೋಟಿನ ಮೀನು ಹಿಡಿದು ಮಾರುತ್ತಿದ್ದಳು. ಹೊನ್ನಿ ಚೂರುಪಾರು ಮಾತು ಶುರು ಮಾಡಿದ್ದಳು, ಆದರೆ ಮೊದಲಿನಂತೆ ತನ್ನ ಡಬ್ಬಿಯಿಂದ ಎಲೆಯಡಿಕೆ ಕೊಡುತ್ತಿರಲಿಲ್ಲ.

ಡಿಸೆಂಬರಿನ ಒಂದು ಭಾನುವಾರ ಬೆಳಿಗ್ಗೆ ಪ್ರೀತಿ ಹೇಳಿದಳು: "ಅತ್ತೆ, ಬರ್ತಾ ಹಾರವಾಡದಲ್ಲಿ ಇಳಿದು ಮಾವನ್ನ ಕರ್ಕಂಡೇ ಬನ್ನಿ. ನಾ ಆ ದಿನ ಬಾಯಿಬಿಟ್ಟು ಹಾಗೆ ಹೇಳ್ಬಾರ್ದಿತ್ತು. ಇವತ್ತು ಕೋಳಿ ಸಾರು ಮಾಡ್ತೆ. ಎಲ್ಲಾ ಒಟ್ಟಿಗೆ ಊಟ ಮಾಡ್ವ."

ಗೋದಾವರಿ ಬೇಗ ಮಾರಿ ಮುಗಿಸಿ, ಹಾರವಾಡಕ್ಕೆ ಹತ್ತಿರದ ಸ್ಟಾಪು ಅವರ್ಸೆಯಲ್ಲಿ ಬಸ್ಸಿಳಿದು, ಮರಳ ದಾರಿಯಲ್ಲಿ ಹಾರವಾಡದ ದಡಕ್ಕೆ ಹೋದಳು. ದೋಣಿ ಮೇಲೆಳೆದಿದ್ದರು. ಜಟ್ಟಪ್ಪ ಅದರ ನೆರಳಲ್ಲಿ ಕೂತು ಬಲೆಯ ಹರುಕು ಹೊಲಿಯುತ್ತಿದ್ದ. ಮೈ ಕಪ್ಪಾಗಿತ್ತು, ಸೊರಗಿತ್ತು. ಪಕ್ಕದಲ್ಲಿ ಥರ್ಮಾಕೋಲಿನ ಸಣ್ಣ ಪೆಟ್ಟಿಗೆ. ಅದರೊಳಗೆ ಪುಡಿ ಐಸು, ಒಂದಿಷ್ಟು ನೊಗಲಿ ಮೀನು. ಅವಳನ್ನು ಕಂಡು ಅವನಿಗೆ ಸಂತೋಷವಾದದ್ದು ನಿಜ. ಎದ್ದು ಹೋಗಿ ಗೂಡಂಗಡಿಯಿಂದ ಚಾ ತಂದ.

"ಪ್ರೀತಿ ಕೋಳಿ ಸಾರು ಮಾಡಿದಾಳೆ. ನಡೀರಿ ಮನೆಗೆ," ಎಂದಳು.

"ನಾಳೆ ಹೊತ್ತು ಮೂಡೂದ್ರೊಳಗೆ ದೋಣಿ ಇಳಿಸ್ಬೇಕು."

"ಬೆಳಿಗ್ಗೆ ಮೊದಲ ಬಸ್ಸಿಗೆ ಇಲ್ಲಿಗೆ ತಿರುಗಿ ಬನ್ನಿ."

"ಅಷ್ಟೊತ್ತಿಗೆ ಬಸ್ಸೆಲ್ಲಿ?"

"ಹಾಗಾದ್ರೆ ಯಾವಾಗ ಬರೂದು ನೀವು?"

ಅವನು ಚಾದ ಲೋಟವನ್ನು ಮರಳಲ್ಲಿ ಊರಿಟ್ಟ. "ಬೇಜಾರು ಮಾಡ್ಕಂಡು ಕೂತದ್ದಲ್ಲ ಗೋದೂ. ಇಲ್ಲಿ ರಾಜು 'ಮಾವ, ಯಾವಾಗ ತಿರುಗ್ವ' ಹೇಳಿ ಕೇಳ್ತ. ನಾ ಹೇಳಿದ್ರೆ ತಿರುಗ್ತ. ಅದೊಂದು ಚಟ ಬಿದ್ದೋಗಿದೆ ನಂಗೆ." ನಗಲು ನೋಡಿದ. "ನೀನೇ ಇಲ್ಲಿಗೆ ಬಾ ಆಗಾಗ."

ಎಳೆದು ಒಯ್ಯುವಂತಿದ್ದರೆ ಒಯ್ಯುತ್ತಿದ್ದಳು. ಮಾರ್ಕೆಟ್ಟಿನಲ್ಲಾದರೆ ಬಾಯಿ ಮಾಡಿ ಗೆಲ್ಲುತ್ತಿದ್ದಳು. ಇಲ್ಲಿ ಅವಳು ಬಾಯಿ ತೆರೆಯಲೇ ಅಂಜಿದಳು.

ಹೊತ್ತಿಳಿದ ಮೇಲೆ ಅವನು ಅವಳ ಬುಟ್ಟಿಯನ್ನು ತಾನೇ ಹೊತ್ತು ಅವರ್ಸೆಯವರೆಗೆ ಬಂದ. ಬಸ್ಸು ಬಂತು. ಬುಟ್ಟಿಯನ್ನು ಸೀಟಿನ ಕೆಳಗೆ ಸರಿಸಿ ಕೊಟ್ಟು, ಕಂಡಕ್ಟರನಿಗೆ, "ತೋಡೂರಲ್ಲಿ ನೆನಪಿಟ್ಟು ಇಳಿಸಿ. ಅವಳು ಬಸ್ಸಲ್ಲಿ ನಿದ್ದೆ ಹೊಡೀತಾಳೆ," ಎಂದು ಹೇಳಿದ. ಮದುವೆಯಾದಾಗಿನಿಂದ ಅವಳು ಅಂಕೋಲೆಯಿಂದ ಬರುವ ಬಸ್ಸಿನಲ್ಲಿ ಅವನು ಜೊತೆಗಿದ್ದದ್ದಿಲ್ಲ. ತಾನು ನಿದ್ದೆ ಮಾಡುವುದು ಅವನಿಗೆ ಹೇಗೆ ಗೊತ್ತು ಎಂದು ಅವಳು ತೋಡೂರಿನವರೆಗೂ ಯೋಚಿಸುತ್ತ ಎಚ್ಚರವಾಗಿಯೇ ಇದ್ದಳು.

ಬಾಗಿಲಲ್ಲಿ ಪ್ರೇಕ್ಷಾ ನಿಂತಿದ್ದಳು. ಅವಳು ಅಜ್ಜಿಯ ಹಿಂದೆ, ಗೇಟಿನ ಆಚೆಯವರೆಗೂ ನೋಡಿದಳು. ಒಳಗೆ ಪ್ರೀತಿ ಐದು ತಟ್ಟೆ ಹಾಕಿದ್ದಳು. ತಟ್ಟೆ ಹಾಕಿದ ಮೇಲೆ ನಿತೇಶನಿಂದಲೂ ಇನ್ನೆರಡು ದಿನ ಎಂದು ಫೋನು ಬಂದಿತ್ತು.

ಮೂವರೂ ಉಂಡರು. ಸಾರು ಚೆನ್ನಾಗಿದೆ ಎಂದು ಗೋದಾವರಿ ಎರಡು ಸಲ ಹೇಳಿದಳು. ಆಮೇಲೆ ಬಳಸದ ಎರಡು ತಟ್ಟೆಗಳನ್ನು ಎತ್ತಿ ಕಪಾಟಿನಲ್ಲಿಟ್ಟು, ಪಾತ್ರೆಯಲ್ಲಿ ಉಳಿದ ಅನ್ನಕ್ಕೆ ನೀರು ಹಾಕಿ, ಬೆಳಗಿನ ಗಂಜಿಗೆಂದು ಮುಚ್ಚಿಟ್ಟಳು.